ಉತ್ತರ ಯಾರಿಗೆ ಸಲ್ಲಬೇಕು?



‘ಮಹಿಳೆಯರು ಅರ್ಜಿ ಸಲ್ಲಿಸಬೇಕಾಗಿಲ್ಲ’ ಎಂಬ ಟೆಲ್ಕೊ ಕಂಪನಿಯ ಜಾಹೀರಾತನ್ನು 1974ರಲ್ಲಿ ಕಂಡ ಹುಬ್ಬಳ್ಳಿಯ ಸುಧಾ ಕುಲಕರ್ಣಿಯವರು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದು ಪ್ರತಿಭಟಿಸಿದರು. ನಮ್ಮ ಈ ಪುಣೆಯಲ್ಲಿ ಎಂಜಿನಿಯರ್ ಆಗಿ ಸೇರಿದರು. ಮೋಟಾರು ಕಾರ್ಖಾನೆಯ ಬಾಗಿಲು ಹೆಣ್ಣಿಗೆ ಅಂದೇ ತೆರೆಯಿತು. ಮೋಟಾರು ಮಾರುವ ಮಳಿಗೆಯ ಮನಸ್ಸು?

ನನ್ನ ಸಂಬಳದಲ್ಲಿ ಕಾರು ಕೊಳ್ಳಲು ಹೋದಾಗ ಪ್ರಶ್ನೆ ಕೇಳಿದವಳು ನಾನು. ಮಾರಾಟಗಾರ ಉತ್ತರಿಸಿದ್ದು ನಮ್ಮ ಯಜಮಾನರಿಗೆ. ಅವರಿಗೋ ಕಾರು ನಡೆಸಲು ಬಾರದು! ನನಗೆ ತೋರಿಸಿದ್ದು ಬಣ್ಣಗಳನ್ನು ಮಾತ್ರ.

ಮುಂದೊಮ್ಮೆ ಸರ್ವೀಸಿಗೆ ಬಿಟ್ಟಾಗ, ಹೊಸ ಬ್ರೇಕ್ ಪ್ಯಾಡು ಹಾಕಿದುದಾಗಿ ಬಿಲ್ಲು ಬಂದಿತು. ಹಳೆಯವನ್ನು ಕೇಳಿದೆ. ‘ಸಾಹೇಬರನ್ನು ಕಳುಹಿಸಿ, ವಿವರಿಸುತ್ತೇವೆ’ ಎಂದರು. ನಾನು ಕದಲಲಿಲ್ಲ. ಕೊನೆಗೆ ಆ ಬಾಬತ್ತೇ ಬಿಲ್ಲಿನಿಂದ ಮಾಯವಾಯಿತು. ಹಣದ ಮಾತು ಹಾಗಿರಲಿ. ಸವೆದ ಬ್ರೇಕನ್ನು ಹೊಸದೆಂದು ನಂಬಿ, ಮಕ್ಕಳನ್ನು ಕೂರಿಸಿಕೊಂಡು ಖಂಡಾಳಾ ಘಾಟು ಇಳಿದಿದ್ದರೆ?

ಸೋದರಿಯರೆ, ಜಾಬ್ ಕಾರ್ಡಿನಲ್ಲಿ ದೋಷಗಳನ್ನೆಲ್ಲ ಬರೆಸಿ ಪ್ರತಿ ಪಡೆಯಿರಿ. ಕೇಳದೆ ಏನನ್ನೂ ಬದಲಿಸಕೂಡದೆಂದು ಅಲ್ಲಿಯೇ ನಮೂದಿಸಿರಿ. ಕಳಚಿದ ಹಳೆಯ ಭಾಗವನ್ನು ಕಣ್ಣಾರೆ ನೋಡಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆಯ ಕೊರತೆಗೆ ದೂರು ಸಲ್ಲಿಸುವ ಹಕ್ಕನ್ನು ಹಣ ತೆತ್ತವರಿಗೆ ಕೊಟ್ಟಿದೆ. ಅಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ.

ಕೇಳಿದವಳಿಗೇ ಉತ್ತರ ಸಲ್ಲಲಿ.