ಸಕ್ಕರೆ ಆರತಿ: ಒಂದು ಹುಣ್ಣಿಮೆಯ ಸಿಹಿ

(ಗದಗಿನಲ್ಲಿ ಓದುಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಸ್ವೀಡನ್ ದೇಶದಲ್ಲಿ ಚಳಿಗಾಲ ಮುಗಿಯುತ್ತ ಬಂದಂತೆ ಪತ್ರಿಕೆಯವರಿಗೆ ಒಂದು ಸವಿಯಾದ ಕೆಲಸ ಇರುತ್ತದೆ. ಬೇಕರಿಯಿಂದ ಬೇಕರಿಗೆ ಹೋಗಿ ‘ಸೆಮ್ಲಾ’ ಎಂಬ ಬನ್ನನ್ನು ತಿಂದು ನೋಡುವುದು. ಈ ವರ್ಷ ಯಾರದು ಚೆನ್ನಾಗಿದೆ ಎಂದು ಅಂಕ ಕೊಟ್ಟು ಬರೆಯುವುದು. ಏಲಕ್ಕಿ ಬೆರೆಸಿದ ಬನ್ನಿನ ತಲೆ ಕೊಯ್ದು, ಒಳಗೆ ಬಾದಾಮಿ ಹೂರಣ ತುಂಬಿ, ಮೇಲೆ ಕಡೆದ ಕೆನೆ ಇಟ್ಟು, ಕೊಯ್ದ ತಲೆಯನ್ನು ಮತ್ತೆ ಮುಚ್ಚಿದರೆ ಸೆಮ್ಲಾ ಆಯಿತು. ಏಲಕ್ಕಿಯ ಮೂಲ ನೆಲ ನಮ್ಮ ಸಹ್ಯಾದ್ರಿ ಎಂಬುದನ್ನು ಬಿಟ್ಟರೆ ಆ ತಿಂಡಿಗೂ ನಮಗೂ ಸಂಬಂಧವಿಲ್ಲ.

ಆದರೆ ಆ ಪರಿಪಾಠ ನನಗೆ ಹಿಡಿಸಿತು. ನಮ್ಮೂರಲ್ಲಿ ಹೀಗೆ ಅಂಗಡಿಯಿಂದ ಅಂಗಡಿಗೆ ತಿಂದು ನೋಡಬೇಕಾದ, ವರ್ಷಕ್ಕೊಮ್ಮೆ ಮಾತ್ರ ಸಿಗುವ ಸಿಹಿ ಯಾವುದು? ಗಿರಮಿಟ್ಟು, ಮಿರ್ಚಿ ದಿನಾ ಸಿಗುತ್ತವೆ. ಪೇಢೆ, ಕುಂದಾ ಬಾರಾ ತಿಂಗಳೂ ಗಾಜಿನ ಕಪಾಟಿನಲ್ಲಿ ಇರುತ್ತವೆ. ಕಾಲ ನೋಡಿ ಬಂದು, ಕಾಲ ನೋಡಿ ಹೋಗುವ ಸಿಹಿ ಎಂದರೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ. 2025ರ ಗೌರಿ ಹುಣ್ಣಿಮೆ ನವೆಂಬರ್ 5ಕ್ಕೆ ಬಂತು. ಅದಕ್ಕೆ ಮುಂಚಿನ ದಿನಗಳಲ್ಲಿ ಗದಗ, ಬೆಟಗೇರಿ, ಲಕ್ಷ್ಮೇಶ್ವರದ ಕೆಲವು ಬೇಕರಿ ಮತ್ತು ಮಿಠಾಯಿ ಅಂಗಡಿಗಳಲ್ಲಿ ಒಂದೊಂದು ಗೊಂಬೆ ಕೊಂಡು ಮುರಿದು ತಿಂದು ನೋಡಿದೆ. ಇವತ್ತು ಹೇಳಬೇಕಾದದ್ದು ಆ ರುಚಿಯ ವಿಚಾರ, ರುಚಿಗಿಂತ ದೊಡ್ಡದಾದ ಇನ್ನೊಂದು ವಿಚಾರ.

ಬೆಂಗಳೂರು, ಮೈಸೂರು ಕಡೆಯವರಿಗೆ ಗೌರಿ ಹಬ್ಬ ಎಂದರೆ ಭಾದ್ರಪದದಲ್ಲಿ ಗಣೇಶನ ಹಿಂದಿನ ದಿನ ಬರುವ ಗೌರಿ. ನಮ್ಮ ಗೌರಿ ಹುಣ್ಣಿಮೆ ಅದಲ್ಲ. ದೀಪಾವಳಿ ಕಳೆದ ಮೇಲೆ ಬರುವ ಕಾರ್ತಿಕದ ಹುಣ್ಣಿಮೆ ಅದು. ಹೊಸ ಬಟ್ಟೆ ಉಟ್ಟ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನು ಜೋಡಿಸಿ, ನಡುವೆ ದೀಪ ಇಟ್ಟು, ಗೌರಿಯನ್ನು ಕೂಡಿಸಿದ ಕಡೆ ಹೋಗಿ ಹಾಡು ಹೇಳುತ್ತ ಬೆಳಗಿ ಬರುತ್ತಾರೆ. ಶಿವ ಪಾರ್ವತಿ, ಗಣಪತಿ, ಬಸವಣ್ಣ, ತೇರು, ಕಳಸ, ಆನೆ, ಒಂಟೆ, ನವಿಲು, ಕಮಲ ಎಲ್ಲವೂ ಸಕ್ಕರೆಯವೇ. ಬಿಳಿ, ಹಳದಿ, ಗುಲಾಬಿ ಬಣ್ಣದವು. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆ, ಕುಬಸದ ಖಣ, ಹೂವಿನ ದಂಡೆಯ ಜೊತೆಗೆ ಸಕ್ಕರೆ ಆರತಿ ಬರುತ್ತದೆ. ಬೆಳಗಿದ ಮೇಲೆ ಗೊಂಬೆಗಳನ್ನು ಒಡೆದು ಓಣಿಯವರಿಗೆಲ್ಲ ಹಂಚುವುದು ಪದ್ಧತಿ. ಆನೆಯ ಸೊಂಡಿಲು ಯಾರಿಗೆ, ನವಿಲಿನ ತಲೆ ಯಾರಿಗೆ ಎಂದು ಮಕ್ಕಳಲ್ಲಿ ಜಗಳ. ಉಳಿದ ಚೂರು ಡಬ್ಬಿ ಸೇರಿ ಹಾಲಿಗೋ ಪಾಯಸಕ್ಕೋ ಒದಗುತ್ತದೆ.

ಈ ಗೊಂಬೆಯಲ್ಲಿ ಇರುವುದು ಸಕ್ಕರೆ ಮಾತ್ರ. ಹಾಗಿದ್ದ ಮೇಲೆ ಅಂಗಡಿಗೂ ಅಂಗಡಿಗೂ ರುಚಿಯಲ್ಲಿ ವ್ಯತ್ಯಾಸ ಎಲ್ಲಿಂದ ಬರಬೇಕು? ಬರುತ್ತದೆ. ಅದು ತಿಳಿಯಬೇಕಾದರೆ ಮಾಡುವ ಬಗೆ ತಿಳಿಯಬೇಕು.

ಸಕ್ಕರೆಗೆ ನೀರು ಹಾಕಿ ಕಡಾಯಿಯಲ್ಲಿ ಕುದಿಸುತ್ತಾರೆ. ಕುದಿ ಬಂದಾಗ ಸ್ವಲ್ಪ ಹಾಲು ಹಾಕುತ್ತಾರೆ. ಬಿಸಿಗೆ ಹಾಲಿನ ಅಂಶ ಒಡೆದು, ಸಕ್ಕರೆಯಲ್ಲಿನ ಕಸವನ್ನು ಹಿಡಿದುಕೊಂಡು ನೊರೆಯಾಗಿ ಮೇಲೆ ಬರುತ್ತದೆ. ಅದನ್ನು ತೆಗೆದು ಚೆಲ್ಲುತ್ತಾರೆ. ಪಾಕ ಬೆರಳಿಗೆ ಎಳೆ ಬರುವಷ್ಟು ಗಟ್ಟಿಯಾದಾಗ ಸೌಟಿನಿಂದ ಕಡಾಯಿಯ ಗೋಡೆಗೆ ತಿಕ್ಕುತ್ತಾರೆ. ಗಾಜಿನಂತೆ ತಿಳಿಯಾಗಿದ್ದ ಪಾಕ ನೋಡನೋಡುತ್ತ ಹಾಲಿನಂತೆ ಬೆಳ್ಳಗಾಗುತ್ತದೆ. ಆ ಗಳಿಗೆಯಲ್ಲೇ ಅಚ್ಚಿಗೆ ಎರೆಯಬೇಕು.

ಇದರ ಹಿಂದಿನ ವಿಜ್ಞಾನ ಸರಳ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 200 ಗ್ರಾಂ ಸಕ್ಕರೆಯನ್ನು ಕರಗಿಸಿಕೊಳ್ಳುತ್ತದೆ. ಕುದಿಯುವ ಬಿಸಿಯಲ್ಲಿ ಅಷ್ಟೇ ನೀರು 480 ಗ್ರಾಂಗೂ ಹೆಚ್ಚು ಹಿಡಿಸಿಕೊಳ್ಳುತ್ತದೆ. ಪಾಕ ಆರುತ್ತ ಬಂದಂತೆ ಹೆಚ್ಚಾದ ಸಕ್ಕರೆ ಹೊರಗೆ ಬರಲೇಬೇಕು. ತಾನಾಗಿ ಬಿಟ್ಟರೆ ದೊಡ್ಡ ಹರಳಾಗಿ ಬರುತ್ತದೆ, ಕಲ್ಲುಸಕ್ಕರೆಯ ಹಾಗೆ. ತಿಕ್ಕಿ ಕದಡಿದರೆ ಲೆಕ್ಕವಿಲ್ಲದಷ್ಟು ಸಣ್ಣ ಹರಳುಗಳು ಒಮ್ಮೆಗೇ ಹುಟ್ಟಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಗೊಂಬೆಯ ಬಿಳುಪು, ಬಾಯಲ್ಲಿ ಅದು ಕರಗುವ ನುಣುಪು ಎರಡೂ ಆ ಸಣ್ಣ ಹರಳಿನಿಂದ ಬಂದದ್ದು.

ಅಚ್ಚು ಮರದ್ದು, ಸಾಗವಾನಿಯಂಥ ಗಟ್ಟಿ ಮರದಲ್ಲಿ ಎರಡು ಹೋಳಾಗಿ ಕೊರೆದದ್ದು. ಎರೆಯುವ ಮುನ್ನ ಅದನ್ನು ನೀರಿನಲ್ಲಿ ನೆನೆಹಾಕಿರಬೇಕು. ಒಣಗಿದ ಮರ ಪಾಕವನ್ನು ಹೀರಿಕೊಳ್ಳುತ್ತದೆ, ಗೊಂಬೆ ಬಿಡಿಸಲು ಬರುವುದಿಲ್ಲ. ನೆನೆದ ಹೋಳುಗಳನ್ನು ಜೋಡಿಸಿ ಬಿಗಿದು ಕಟ್ಟಿ, ಪಾಕ ಎರೆದು, ಕೆಲವು ನಿಮಿಷ ಬಿಟ್ಟು ಕಟ್ಟು ಬಿಚ್ಚಿದರೆ ಒಳಗೆ ಆನೆ ನಿಂತಿರುತ್ತದೆ. ಪಾಕ ಎಳೆಯದಾಗಿದ್ದರೆ ಗೊಂಬೆ ಹಸಿಹಸಿಯಾಗಿ ಕಾಲು ಮುರಿಯುತ್ತದೆ. ಬಲಿತಿದ್ದರೆ ಅಚ್ಚಿನ ಮೂಲೆ ತಲುಪುವ ಮೊದಲೇ ಹೆಪ್ಪುಗಟ್ಟಿ ಆನೆಗೆ ಸೊಂಡಿಲೇ ಇರುವುದಿಲ್ಲ. ನಮ್ಮ ಬಯಲುಸೀಮೆಯ ಹವೆಯೂ ಇದಕ್ಕೆ ಕೂಡಿಬಂದಿದೆ. ಮಳೆ ಹಿಂದೆ ಸರಿದು ಗಾಳಿ ಒಣಗುವ ಕಾಲ ಕಾರ್ತಿಕ. ಹಸಿ ಗಾಳಿಗೆ ಇಟ್ಟರೆ ಇದೇ ಗೊಂಬೆ ಬೆವೆತು ಅಂಟುತ್ತದೆ.

ಹೀಗಾಗಿ ರುಚಿ ನೋಡುವವನು ನಾಲಿಗೆಗಿಂತ ಮೊದಲು ಕಣ್ಣು, ಕಿವಿಗೆ ಕೆಲಸ ಕೊಡಬೇಕು. ನವಿಲಿನ ಕಣ್ಣು, ಬಸವಣ್ಣನ ಗಂಟೆಸರ ಸ್ಪಷ್ಟವಾಗಿ ಮೂಡಿದ್ದರೆ ಅಚ್ಚು ಸವೆದಿಲ್ಲ, ಪಾಕ ಹದವಾಗಿತ್ತು ಎಂದು ಅರ್ಥ. ಮುರಿದಾಗ ಟಕ್ಕೆಂದು ಸದ್ದಾಗಬೇಕು, ಕೈಗೆ ಅಂಟಬಾರದು. ಬಾಯಿಗೆ ಹಾಕಿದರೆ ಹಲ್ಲಿಗೆ ಮರಳಿನಂತೆ ಸಿಗದೆ ಕರಗಬೇಕು. ನಾನು ತಿಂದವುಗಳಲ್ಲಿ ಒಂದು ಸಣ್ಣ ಅಂಗಡಿಯ ಬಿಳಿ ಆನೆ ಎಲ್ಲದರಲ್ಲೂ ಗೆದ್ದಿತು. ಹಾಲಿನ ತೆಳುವಾದ ವಾಸನೆ, ಹಿಟ್ಟಿನಂತೆ ಕರಗುವ ಗುಣ. ದೊಡ್ಡ ಅಂಗಡಿಯೊಂದರ ಗುಲಾಬಿ ತೇರು ನೋಡಲು ಚೆಂದ, ತಿಂದರೆ ಒರಟು.

ಗುಲಾಬಿ ಎಂದಾಗ ಒಂದು ಎಚ್ಚರಿಕೆಯ ಮಾತು. ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕಿದ್ದರಿಂದ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣ ಹಾಕಿದ ಬಾಂಬೆ ಮಿಠಾಯಿಯನ್ನು ನಿಷೇಧಿಸಿತು. ಸಿಹಿಗೆ ಹಾಕಲು ಅನುಮತಿ ಇರುವ ಬಣ್ಣಗಳು ಬೇರೆ. ಅವಕ್ಕೂ ಮಿತಿ ಇದೆ. ಮಕ್ಕಳ ಕೈಗೆ ಕೊಡುವ ಗೊಂಬೆಯ ಬಣ್ಣ ಯಾವುದು ಎಂದು ಕೇಳುವುದು ಅಂಗಡಿಯವನಿಗೆ ಮಾಡುವ ಅವಮಾನವಲ್ಲ. ಸಂದೇಹವಿದ್ದರೆ ಬಿಳಿಯದನ್ನೇ ಕೊಳ್ಳಿ.

ಇನ್ನು ಈ ಗೊಂಬೆಯ ಬಂಧುಬಳಗದ ಕಡೆ ನೋಡೋಣ. ಸಂಸ್ಕೃತದ ಶರ್ಕರಾ ಎಂದರೆ ಮೂಲದಲ್ಲಿ ಸಣ್ಣ ಹರಳು, ಜಲ್ಲಿ. ಅದೇ ನಮ್ಮಲ್ಲಿ ಸಕ್ಕರೆ, ಪಾರಸಿಯಲ್ಲಿ ಶಕ್ಕರ್, ಅರಬ್ಬಿಯಲ್ಲಿ ಸುಕ್ಕರ್, ಸ್ವೀಡಿಷ್‌ನಲ್ಲಿ ಸೋಕರ್. ಪದ ಹೋದ ದಾರಿಯಲ್ಲಿ ಪದಾರ್ಥವೂ ಹೋಯಿತು. ಇನ್ನೊಂದು ಪದದ ಪಯಣ ಇನ್ನೂ ಸೋಜಿಗದ್ದು. ಕುದಿಸಿ ಗಟ್ಟಿ ಮಾಡಿದ ಕಬ್ಬಿನ ರಸಕ್ಕೆ ಸಂಸ್ಕೃತದಲ್ಲಿ ಫಾಣಿತ ಎಂದು ಹೆಸರು. ಅದು ಪಾರಸಿಯಲ್ಲಿ ಪಾನೀದ್, ಅರಬ್ಬಿಯಲ್ಲಿ ಫಾನೀದ್ ಆಗಿ, ಸ್ಪೇನಿಗೆ ಹೋಗಿ ಅಲ್ಫೆನ್ಯಿಕೆ ಆಯಿತು. ಸ್ಪೇನಿನವರ ಜೊತೆ ಕಡಲು ದಾಟಿ ಮೆಕ್ಸಿಕೊ ಸೇರಿತು. ಅಲ್ಲಿ ನವೆಂಬರ್ 1 ಮತ್ತು 2ರಂದು ತೀರಿಕೊಂಡವರ ನೆನಪಿನ ಹಬ್ಬಕ್ಕೆ ಸಕ್ಕರೆಯ ತಲೆಬುರುಡೆ, ಪ್ರಾಣಿಗಳನ್ನು ಅಚ್ಚು ಹಾಕುತ್ತಾರೆ. ಆ ಗೊಂಬೆಗಳಿಗೆ ಇಂದಿಗೂ ಅದೇ ಹೆಸರು. ಇಟಲಿಯ ಸಿಸಿಲಿ ದ್ವೀಪದಲ್ಲಿ ನವೆಂಬರ್ 2ಕ್ಕೆ ಮಕ್ಕಳಿಗೆ ಸಕ್ಕರೆಯ ಗೊಂಬೆ ಕೊಡುತ್ತಾರೆ. ಈಜಿಪ್ಟಿನಲ್ಲಿ ಪ್ರವಾದಿಯವರ ಜನ್ಮದಿನಕ್ಕೆ ಹೆಣ್ಣುಮಕ್ಕಳಿಗೆ ಸಕ್ಕರೆಯ ಮದುವಣಗಿತ್ತಿ, ಗಂಡುಮಕ್ಕಳಿಗೆ ಸಕ್ಕರೆಯ ಕುದುರೆ ಸವಾರ. ಉತ್ತರ ಭಾರತದಲ್ಲಿ ದೀಪಾವಳಿಗೆ ಸಕ್ಕರೆಯ ಆನೆ ಕುದುರೆ. ಇಷ್ಟೊಂದು ಜನ, ಇಷ್ಟೊಂದು ಧರ್ಮ. ಹಬ್ಬ ಬಂದಾಗ ಮಕ್ಕಳ ಕೈಗೆ ಕೊಡಲು ಎಲ್ಲರಿಗೂ ಹೊಳೆದದ್ದು ಒಂದೇ ಉಪಾಯ.

ಈಗ ಕಷ್ಟದ ಮಾತಿಗೆ ಬರುತ್ತೇನೆ. ಸಕ್ಕರೆ ಅಪರೂಪವಾಗಿದ್ದ ಕಾಲದಲ್ಲಿ, ಪಡಿತರ ಚೀಟಿಗೆ ಅಳೆದು ಕೊಡುತ್ತಿದ್ದ ಕಾಲದಲ್ಲಿ, ಒಂದು ತಟ್ಟೆ ಸಕ್ಕರೆ ಕೊಡುವುದೆಂದರೆ ದೊಡ್ಡ ಮಾತು. ಇವತ್ತು ಸಕ್ಕರೆಗೆ ಜನ ಆಸೆಪಡುವುದಿಲ್ಲ, ಹೆದರುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೊಂದು ಕಡೆ, ಬೀಗರ ಮನೆಯಿಂದ ಬರುವ ಆರತಿಯನ್ನು ಕೇಜಿ ಲೆಕ್ಕದಲ್ಲಿ ತೂಗುವ ಚಾಳಿಯೂ ಇದೆ. ಎಷ್ಟು ಬಂತು ಎಂದು ಕೇಳುವ ಬಾಯಿಗೆ ಗೊಂಬೆಯ ಅಂದ ಕಾಣುವುದಿಲ್ಲ. ಕೊಡುವ ಮನೆಗೆ ಅದು ಹೊರೆ, ತಿನ್ನುವ ಮನೆಗೆ ಅದು ರೋಗ. ಹೀಗೆ ನೋಡಿದರೆ ಈ ಪದ್ಧತಿ ತಾನಾಗಿಯೇ ಹೋದರೆ ಒಳ್ಳೆಯದೆಂದು ವಾದಿಸುವವರ ಮಾತಿನಲ್ಲಿ ಹುರುಳಿದೆ.

ಆದರೆ ಆರತಿ ಹೋದರೆ ಅದರ ಜೊತೆಗೆ ಹೋಗುವುದೇನು ಎಂದೂ ಲೆಕ್ಕ ಹಾಕಬೇಕು. ಪಾಕದ ಹದವನ್ನು ಬೆರಳಿನಲ್ಲಿ ಅರಿಯುವ ಕೈ ಹೋಗುತ್ತದೆ. ಆನೆಯನ್ನು ಒಳಹೊರಗಾಗಿ, ತಿರುಗುಮುರುಗಾಗಿ ಮರದಲ್ಲಿ ಕೊರೆಯಬಲ್ಲ ಬಡಿಗೇರನ ಕಣ್ಣು ಹೋಗುತ್ತದೆ. ಈ ದುಡಿಮೆ ನಡೆಯುವುದು ಹುಣ್ಣಿಮೆಯ ಹಿಂದಿನ ಕೆಲವೇ ವಾರ. 2025ರಲ್ಲಿ ನವೆಂಬರ್ 5ಕ್ಕೆ ಬಂದ ಹಬ್ಬ, ಅಧಿಕ ಮಾಸದ ಕಾರಣ 2026ರಲ್ಲಿ ನವೆಂಬರ್ 24ಕ್ಕೆ. ಇಷ್ಟು ಕಿರಿದಾದ, ವರ್ಷ ವರ್ಷ ಸರಿಯುವ ಕಾಲವನ್ನು ನಂಬಿ ಯಾರು ಹೊಸ ಅಚ್ಚು ಮಾಡಿಸುತ್ತಾರೆ? ಹಳೆಯ ಅಚ್ಚು ಸೀಳಿದ ದಿನ ಆ ನವಿಲು ಊರಿನಿಂದಲೇ ಹೋದಂತೆ.

ಇಲ್ಲಿ ಸ್ವೀಡನ್ನಿನ ಬನ್ನು ಒಂದು ಪಾಠ ಹೇಳುತ್ತದೆ. ಅದರ ದಿನವೂ ಹುಣ್ಣಿಮೆಯ ಲೆಕ್ಕದ್ದೇ. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್; ಅದಕ್ಕೆ 47 ದಿನ ಮುಂಚಿನ ಮಂಗಳವಾರ ಸೆಮ್ಲಾದ ದಿನ. ಮರುದಿನದಿಂದ ಉಪವಾಸದ ಕಾಲ ಎಂದು ಹಿಂದಿನವರು ಅಂದು ಹೊಟ್ಟೆ ತುಂಬ ಸಿಹಿ ತಿನ್ನುತ್ತಿದ್ದರು. 1771ರ ಫೆಬ್ರವರಿ 12ರಂದು ಅಲ್ಲಿನ ದೊರೆ ಅಡಾಲ್ಫ್ ಫ್ರೆಡ್ರಿಕ್ ಭಾರೀ ಊಟ ಮಾಡಿ, ಕೊನೆಗೆ ಬಿಸಿ ಹಾಲಿನಲ್ಲಿ ಇದೇ ಬನ್ನು ತಿಂದು, ಅದೇ ದಿನ ತೀರಿಕೊಂಡ. ಇದಕ್ಕೂ ಎಷ್ಟೋ ಮೊದಲೇ, 16ನೇ ಶತಮಾನದಲ್ಲಿ ಸ್ವೀಡನ್ ಲೂಥರನ ಮತಕ್ಕೆ ಸೇರಿತ್ತು. ಕಡ್ಡಾಯ ಉಪವಾಸ ಕಾಲಕ್ರಮದಲ್ಲಿ ಬಿದ್ದುಹೋಯಿತು. ಬನ್ನು ಮಾತ್ರ ಉಳಿಯಿತು. ಈಗ ಅದು ಹೊಸ ವರ್ಷದ ಹೊತ್ತಿಗೇ ಬೇಕರಿಗೆ ಬಂದು ಈಸ್ಟರ್‌ವರೆಗೂ ಸಿಗುತ್ತದೆ. ಬೇಕರಿಯವನಿಗೆ ಒಂದು ದಿನದ ಬದಲು ಕೆಲವು ತಿಂಗಳ ಗಳಿಕೆ. ಜನಕ್ಕೆ ಯಾರದು ಚೆಂದ ಎಂದು ವಾದಿಸುವ ಹವ್ಯಾಸ. ತಿಂದವರು ಗುಣದ ವಿಚಾರ ಮಾತಾಡುತ್ತಾರೆ. ಆದ್ದರಿಂದ ಮಾಡುವವರು ಗುಣ ಕಾಯುತ್ತಾರೆ.

ನಾವು ಅವರಂತೆ ತಿಂಗಳುಗಟ್ಟಲೆ ಸಕ್ಕರೆ ತಿನ್ನಬೇಕಾಗಿಲ್ಲ. ಹಾಗೆ ನೋಡಿದರೆ ನಮ್ಮ ಸಕ್ಕರೆಯ ಕಸುಬಿಗೆ ವರ್ಷದಲ್ಲಿ ಬೇರೆ ಹಬ್ಬಗಳೂ ಇವೆ. ಸಂಕ್ರಾಂತಿಗೆ ಎಳ್ಳಿನ ಮೇಲೆ ಪಾಕದ ಮುಳ್ಳು ಏಳಿಸಿದ ಕುಸುರೆಳ್ಳು, ಹೋಳಿ ಹುಣ್ಣಿಮೆಗೆ ಮಕ್ಕಳ ಕೊರಳಿಗೆ ಸಕ್ಕರೆ ಸರ, ಜಾತ್ರೆಗೆ ಬೆಂಡು ಬತ್ತಾಸು. ಇವೆಲ್ಲ ಪಾಕದ ಹದ ಬಲ್ಲ ಕೈಯ ಕೆಲಸವೇ. ನಾವು ಕಲಿಯಬೇಕಾದದ್ದು ತೂಕ ಬಿಟ್ಟು ಗುಣ ಕೇಳುವುದನ್ನು. ಐದು ಕೇಜಿ ಸಾಧಾರಣ ಗೊಂಬೆಯ ಬದಲು ಐದೇ ಒಳ್ಳೆಯ ಗೊಂಬೆ ಸಾಕು. ಆರತಿಯ ತಟ್ಟೆ ತುಂಬುವುದಕ್ಕೆ ಅಷ್ಟೇ ಬೇಕು. ಓಣಿಯ ಮಕ್ಕಳಿಗೆ ಒಂದೊಂದು ಚೂರು ಹಂಚುವುದಕ್ಕೂ ಅಷ್ಟು ಸಾಕು. ಒಂದು ಚೂರಿನಿಂದ ಯಾರಿಗೂ ಕೇಡಾಗದು. ಕಡಿಮೆ ಸಕ್ಕರೆಗೆ ಹೆಚ್ಚು ಕೂಲಿ ಕೊಟ್ಟರೆ ಕಸುಬು ಉಳಿಯುತ್ತದೆ, ಆರೋಗ್ಯವೂ ಉಳಿಯುತ್ತದೆ, ಬೀಗತನದಲ್ಲಿ ಕೇಜಿಯ ಲೆಕ್ಕವೂ ತಪ್ಪುತ್ತದೆ.

ಮುಂದಿನ ಕಾರ್ತಿಕದಲ್ಲಿ ಅಂಗಡಿಗೆ ಹೋದಾಗ ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಮೂಗು ಕಣ್ಣು ಮೂಡಿದೆಯೇ, ಅಚ್ಚು ಯಾವ ಕಾಲದ್ದು, ಕೊರೆದವರು ಯಾರು ಎಂದು ಕೇಳಿ. ಎರಡು ಅಂಗಡಿಯದನ್ನು ಮುರಿದು ತಿಂದು, ಯಾರದು ಚೆನ್ನಾಗಿದೆ ಎಂದು ಮನೆಯಲ್ಲಿ ವಾದ ಮಾಡಿ. ಮನೆಯಲ್ಲಿ ಹಳೆಯ ಅಚ್ಚು ಇದ್ದರೆ ಒಲೆಗೆ ಹಾಕಬೇಡಿ. ಎರೆಯುವವರ ಕೈಗೆ ಮುಟ್ಟಿಸಿ. ಅವರಿಗೆ ಅದು ಒಂದು ಹಂಗಾಮಿನ ಅನ್ನ.