ಛಲವಿದ್ದಲ್ಲಿ ನೆರವಿನ ಆಸರೆ



ಬಡತನದಲ್ಲಿ ಬೆಳೆದ ವಿದ್ಯಾರ್ಥಿಯೊಬ್ಬನು ಜಗತ್ತಿನ ಶ್ರೇಷ್ಠ ವಿದ್ಯಾಲಯವನ್ನು ಸೇರಬೇಕಾದರೆ ಛಲವೊಂದೇ ಸಾಕೇ? ಮಾಜಿ ರಾಷ್ಟ್ರಪತಿ ದಿವಂಗತ ಕೆ.ಆರ್. ನಾರಾಯಣನ್ ಅವರ ವಿದ್ಯಾರ್ಥಿ ಜೀವನವು ಈ ಪ್ರಶ್ನೆಗೆ ಉತ್ತರ ನೀಡುತ್ತದೆ.

ಕೇರಳದ ಉಳವೂರಿನ ಬಡ ದಲಿತ ಕುಟುಂಬದಲ್ಲಿ ಅವರು ಜನಿಸಿದರು. ತಂದೆ ಆಯುರ್ವೇದ ವೈದ್ಯರು. ಅವರು ಓದಿದ ಶಾಲೆಗಳಲ್ಲಿ ಉಳವೂರಿನ ಲೂರ್ದು ಮಾತೆಯ ಶಾಲೆಯೂ ಕುರವಿಲಂಗಾಡಿನ ಸಂತ ಮರಿಯಮ್ಮನವರ ಪ್ರೌಢಶಾಲೆಯೂ ಸೇರಿವೆ. ಗದ್ದೆಗಳ ನಡುವೆ ದಿನವೂ ಸುಮಾರು 15 ಕಿಲೋಮೀಟರು ನಡೆದು ಶಾಲೆಗೆ ಹೋಗುತ್ತಿದ್ದ ಆ ಬಾಲಕ, ಶುಲ್ಕ ಕಟ್ಟಲಾಗದೆ ಎಷ್ಟೋ ವೇಳೆ ತರಗತಿಯ ಹೊರಗೆ ನಿಂತು ಪಾಠ ಕೇಳಬೇಕಾಯಿತು. ಪುಸ್ತಕ ಕೊಳ್ಳಲು ಹಣವಿರಲಿಲ್ಲ. ಉಬ್ಬಸದಿಂದ ಮನೆಯಲ್ಲೇ ಉಳಿದಿದ್ದ ಅಣ್ಣನು ಪುಸ್ತಕಗಳನ್ನು ಎರವಲು ತಂದು, ಕೈಯಿಂದ ನಕಲು ಮಾಡಿ ತಮ್ಮನಿಗೆ ಕೊಡುತ್ತಿದ್ದನು.

ಮುಂದೆ ತಿರುವಾಂಕೂರು ರಾಜಮನೆತನದ ವಿದ್ಯಾರ್ಥಿವೇತನದಿಂದ ಕೊಟ್ಟಾಯಂನ ಸಿ.ಎಂ.ಎಸ್. ಕಾಲೇಜಿನಲ್ಲಿ ಇಂಟರ್‌ಮೀಡಿಯಟ್ ಓದಿದರು. 1943ರಲ್ಲಿ ತಿರುವಾಂಕೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ಸ್ಥಾನ ಪಡೆದರು. ಬಳಿಕ ಜೆ.ಆರ್.ಡಿ. ಟಾಟಾ ಅವರ ನೆರವು ಅವರನ್ನು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೆ ಕಳುಹಿಸಿತು. ಅಲ್ಲಿ ಹೆರಾಲ್ಡ್ ಲಾಸ್ಕಿ ಅವರ ಶಿಷ್ಯರಾಗಿ ರಾಜ್ಯಶಾಸ್ತ್ರವನ್ನು ಅಭ್ಯಸಿಸಿದರು. 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದ ಅವರು 1997ರಲ್ಲಿ ರಾಷ್ಟ್ರಪತಿಯಾದರು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಲಂಡನ್ನಿಗೆ ಕಳುಹಿಸಿದ ದೊಡ್ಡ ನೆರವನ್ನು ಲೋಕವು ಸ್ಮರಿಸುತ್ತದೆ. ಆದರೆ ಅಣ್ಣನು ನಕಲು ಮಾಡಿಕೊಟ್ಟ ಪುಸ್ತಕಗಳಿಲ್ಲದಿದ್ದರೆ ಆ ಬಾಲಕನ ಓದು ಹಳ್ಳಿಯಲ್ಲೇ ನಿಂತುಹೋಗಬಹುದಿತ್ತು. ದೊಡ್ಡ ನೆರವು ಫಲಿಸಬೇಕಾದರೆ ಅದಕ್ಕೆ ಮುಂಚೆಯೇ ಚಿಕ್ಕ ನೆರವು ದೊರೆತಿರಬೇಕು. ದೊಡ್ಡದನ್ನು ಕೊಡುವ ಶಕ್ತಿ ಕೆಲವರಿಗೆ ಮಾತ್ರ. ಚಿಕ್ಕದನ್ನು ಕೊಡುವ ಶಕ್ತಿ ನಮ್ಮೆಲ್ಲರಿಗೂ ಉಂಟು.

ನೆರವು ಪಡೆದವನ ಮಾನಕ್ಕೂ ಕುಂದು ಬರಬಾರದು. ಜಮ್‌ಶೇಟ್‌ಜಿ ಟಾಟಾ ಅವರು 1892ರಲ್ಲಿ ಸ್ಥಾಪಿಸಿದ ದತ್ತಿನಿಧಿಯು ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರಿಗೆ ಸಾಲರೂಪದಲ್ಲಿ ವಿದ್ಯಾರ್ಥಿವೇತನ ನೀಡುತ್ತ ಬಂದಿದೆ. ಪಡೆದವನು ತಲೆಯೆತ್ತಿ ಓದುತ್ತಾನೆ, ದುಡಿದು ಹಿಂದಿರುಗಿಸುತ್ತಾನೆ. ಆ ಹಣ ಮತ್ತೊಬ್ಬನ ಕೈಸೇರುತ್ತದೆ.

ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ನಾವು ಒಂದು ಸಂಕಲ್ಪ ಮಾಡೋಣ. ಶುಲ್ಕ ಕಟ್ಟುವ ದಿನ ತಪ್ಪುವ ಮೊದಲೇ, ಮಗುವಿನ ಹೆಸರು ನಾಲ್ಕು ಜನರ ಬಾಯಿಗೆ ಬೀಳದಂತೆ, ಅದರ ಶುಲ್ಕವನ್ನು ಸದ್ದಿಲ್ಲದೆ ತುಂಬೋಣ. ನಮ್ಮ ಧರ್ಮಕೇಂದ್ರದ ಯಾವ ಮಗುವೂ ತರಗತಿಯ ಹೊರಗೆ ನಿಲ್ಲದಿರಲಿ.