ಹಿರಿಯರ ಸೇವೆ



ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಎಷ್ಟೋ ಮನೆಗಳಲ್ಲಿ ಇಂದು ವಯಸ್ಸಾದ ತಂದೆತಾಯಿಗಳಿಬ್ಬರೇ ಇದ್ದಾರೆ; ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಹಿರಿಯರ ಆರೈಕೆಗೆ ಸಂಬಳ ಕೊಟ್ಟು ಒಬ್ಬರನ್ನು ಇಡುತ್ತಾರೆ. ‘ಇದು ಪಾಪವೇ, ಬುದ್ಧಿ?’ ಎಂದು ಕೇಳುವವರುಂಟು.

ಪಾಪವಲ್ಲ. ಆದರೆ ಒಪ್ಪಿಸಬಹುದಾದುದು ಯಾವುದು, ಒಪ್ಪಿಸಲಾಗದುದು ಯಾವುದು ಎಂಬ ವಿವೇಕ ಬೇಕು. ಸ್ನಾನ ಮಾಡಿಸುವುದು, ಉಣಿಸುವುದು, ವೇಳೆಗೆ ಸರಿಯಾಗಿ ಮಾತ್ರೆ ಕೊಡುವುದು ಇವನ್ನು ಒಪ್ಪಿಸಬಹುದು. ತಂದೆಯವರು ಎಷ್ಟು ಹೊತ್ತಿಗೆ ಲಿಂಗಪೂಜೆಗೆ ಕೂರುತ್ತಾರೆ, ತಾಯಿಗೆ ಯಾವ ಆಹಾರ ಒಗ್ಗದು, ರಾತ್ರಿ ಎಷ್ಟು ಸಲ ಏಳುತ್ತಾರೆ ಎಂಬುದನ್ನು ಬರೆದುಕೊಡಿರಿ. ಆರೈಕೆ ಮಾಡುವವರದೂ ಕಾಯಕವೇ. ಅವರಿಗೆ ಸಕಾಲಕ್ಕೆ ಸಂಬಳ, ವಾರಕ್ಕೊಂದು ದಿನ ಬಿಡುವು ಸಲ್ಲಲಿ. ಆ ದಿನ ಮಕ್ಕಳಲ್ಲಿ ಒಬ್ಬರಾದರೂ ಬಂದು ಸೇವೆಗೆ ನಿಲ್ಲಿರಿ. ಮೂರೂ ಊರುಗಳಿಗೆ ರೈಲುಂಟು. ಬರುವ ಮನಸ್ಸು ಬೇಕು.

ತೈತ್ತಿರೀಯೋಪನಿಷತ್ತಿನಲ್ಲಿ ಮಾತಾಪಿತೃಗಳನ್ನು ದೇವರೆಂದು ಕಾಣಬೇಕೆಂಬ ಉಪದೇಶವು ಬರುವುದು ಶಿಷ್ಯನು ವಿದ್ಯೆ ಮುಗಿಸಿ ಗುರುವಿನ ಬಳಿಯಿಂದ ಹೊರಡುವಾಗ. ವಿದ್ಯಾವಂತನಾಗಿ ಹೊರಡುವವನಿಗೇ ಈ ಎಚ್ಚರ ಹೆಚ್ಚು ಬೇಕು.

ಮಕ್ಕಳು ನೋಡಿಕೊಳ್ಳದಿದ್ದರೆ ತಂದೆತಾಯಿಗಳು ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಲು 2007ರ ಕಾಯಿದೆಯು ಅವಕಾಶ ಕೊಟ್ಟಿದೆ. 14567 ಎಂಬ ದೂರವಾಣಿ ಸಹಾಯವೂ ಉಂಟು. ಕಾಯಿದೆಯು ಹಣ ಕೊಡಿಸೀತು. ಪಕ್ಕದಲ್ಲಿ ಕುಳಿತು ಆಡುವ ನಾಲ್ಕು ಮಾತನ್ನು ಕೊಡಿಸಲಾರದು. ಯಾರಿಗೂ ಒಪ್ಪಿಸಲಾಗದ ಸೇವೆ ಅದೇ. ಅದು ಮಕ್ಕಳಿಂದಲೇ ಸಲ್ಲಬೇಕು.

ನಿಮ್ಮ ಮನೆಯ ಹಿರಿಯರು ಬಾಗಿಲು ನೋಡುತ್ತ ಕೊರಗದಿರಲಿ ಎಂದು ಹಾರೈಸಿ ಆಶೀರ್ವದಿಸುತ್ತೇವೆ.